ಹುಟ್ಟಿದ ಕರುವಿನ ಹೊಕ್ಕುಳ ಬೇನೆ ಮತ್ತು ರಕ್ತದ ನಂಜು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಜಮೀನ್ದಾರರಿಗೂ ಊರಿನ ಮುಖ್ಯಸ್ಥರಿಗೂ ತಿಳಿವಳಿಕೆ

1. ಪೀಠಿಕೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಬೇಸಾಯವು ಹಟ್ಟಿಯನ್ನು ಆಶ್ರಯಿಸಿಕೊಂಡಿರುವುದೆಂಬುದನ್ನು ಸರ್ವರೂ ಬಲ್ಲರು. ಅಡಕೆಯ ತೋಟಕ್ಕೆ ಗೊಬ್ಬರವೂ, ಮನೆಯವರಿಗೆ ಹಾಲು ಮಜ್ಜಿಗೆಗಳೂ, ಸಹಕಾರ ಸಂಘಕ್ಕೆ ಹಾಲು ಹಾಕಿ ಪಡೆಯುವ ರೊಕ್ಕವೂ ಹಟ್ಟಿಯಿಂದಲೇ ಬರತಕ್ಕವು. ಆದುದರಿಂದ ಹಸುವು ಸುಖವಾಗಿ ಈದ ದಿನವು ಮನೆಗೆ ಹಬ್ಬದ ದಿನವೇ ಸರಿ. ಆದರೆ ಈ ಸಂತೋಷವು ನಾಲ್ಕು ದಿನಗಳೊಳಗೆ ದುಃಖವಾಗಿ ಪರಿಣಮಿಸುವುದು ಅಪರೂಪವಲ್ಲ. ಲಕ್ಷಣವಾಗಿ ಹುಟ್ಟಿ ಎದ್ದುನಿಂತ ಕರುವು ಎರಡನೆಯ ದಿನ ಮೊಲೆ ಹಿಡಿಯುವುದನ್ನು ಬಿಡುವುದು; ಮೂರನೆಯ ದಿನ ಮಲಗಿದಲ್ಲಿಂದ ಏಳದು; ನಾಲ್ಕನೆಯ ದಿನ ಬೆಳಗ್ಗೆ ಹಟ್ಟಿಗೆ ಹೋದವರಿಗೆ ಅದರ ಮೈ ತಣ್ಣಗಾಗಿರುವುದು ಕಾಣುವುದು. ಬದುಕಿ ಉಳಿದವುಗಳಲ್ಲಿಯೂ ಕೆಲವು ಕೀಲುಗಳು ಬಾತು ಜನ್ಮವಿಡೀ ಕುಂಟುತ್ತಿರುವುವು.

ಇದನ್ನು ದೃಷ್ಟಿಯೆಂದೂ, ಶೀತವೆಂದೂ, ಹಾಲು ಅಧಿಕವಾಗಿ ಅಜೀರ್ಣವಾಯಿತೆಂದೂ ಹೇಳಿ ಸಮಾಧಾನಪಟ್ಟುಕೊಳ್ಳುವುದು ವಾಡಿಕೆ. ವಾಸ್ತವವಾಗಿ ಇಂತಹ ಮರಣಗಳಲ್ಲಿ ಬಹಳಷ್ಟಕ್ಕೆ ಕಾರಣವು ಹೊಕ್ಕುಳಿನಿಂದಲಾಗಲಿ ಬಾಯಿಯಿಂದಲಾಗಲಿ ಒಳಹೊಕ್ಕ ಕ್ರಿಮಿಗಳು ರಕ್ತದಲ್ಲಿ ಸೇರಿ ವೃದ್ಧಿಯಾಗುವುದೇ ಆಗಿದೆ. ನಷ್ಟವು ಒಂದು ಕರುವಿನಷ್ಟೇ ಅಲ್ಲ. ನಾಡಹಸುಗಳಲ್ಲಿಯೂ ಎಮ್ಮೆಗಳಲ್ಲಿಯೂ ಅನೇಕವು ಕರುವಿಲ್ಲದೆ ಸೊರೆಬಿಡುವುದಿಲ್ಲವಾದ್ದರಿಂದ ಆ ಸಲದ ಹಾಲೇ ಹೋದಂತಾಗುವುದು. ಹೆಣ್ಣುಗರುವಾದರೆ ಮುಂದಿನ ವರ್ಷಗಳ ಹಸುವೂ ಹೋಯಿತು.

ಈ ಬೇನೆಯು ಒಮ್ಮೆ ಬಲಿತ ಮೇಲೆ ಅದನ್ನು ಗುಣಪಡಿಸುವುದು ಕಷ್ಟ. ಬಾರದಂತೆ ತಡೆಯುವುದು ಬಹು ಸುಲಭ. ತಡೆಯುವ ಕಾಲವಾದರೋ ಕರು ಹುಟ್ಟಿದ ಮೊದಲ 6 ಗಂಟೆಗಳು. ಈ ಕಾಲದಲ್ಲಿ ಮಾಡತಕ್ಕ ಎರಡು ಕೆಲಸಗಳನ್ನು ತಿಳಿಯಪಡಿಸುವುದೇ ಈ ಪತ್ರಿಕೆಯ ಉದ್ದೇಶವಾಗಿದೆ.

2. ಕರುವು ಬರಿಗೈಯಲ್ಲಿ ಹುಟ್ಟುವುದೇಕೆ

ಮನುಷ್ಯರ ಶಿಶುವಿಗೆ ರೋಗವನ್ನೆದುರಿಸುವ ಶಕ್ತಿಯಲ್ಲಿ ಒಂದು ಭಾಗವು ತಾಯಿಯ ಗರ್ಭದಲ್ಲಿರುವಾಗಲೇ ರಕ್ತದ ಮೂಲಕ ದೊರೆಯುವುದು. ಹಸು, ಎಮ್ಮೆ, ಕುದುರೆಗಳಲ್ಲಿ ಹಾಗಲ್ಲ. ಇವುಗಳ ಮಾಸು ತಾಯಿಯ ರಕ್ತಕ್ಕೂ ಮರಿಯ ರಕ್ತಕ್ಕೂ ನಡುವೆ ದಪ್ಪವಾದ ಗೋಡೆಯಂತಿರುವುದರಿಂದ ಆಹಾರದ ಅಂಶಗಳು ದಾಟಿಹೋದರೂ ರೋಗನಿರೋಧಕ ವಸ್ತುಗಳು ದಾಟಲಾರವು. ಹೀಗಾಗಿ ಕರುವು ಹುಟ್ಟುವಾಗ ಅದರ ರಕ್ತದಲ್ಲಿ ಈ ವಸ್ತುಗಳು ಇಲ್ಲವೆಂದೇ ಹೇಳಬಹುದು. ಕೋಟೆಗೆ ಕಾವಲುಗಾರರೇ ಇಲ್ಲದಂತಹ ಸ್ಥಿತಿಯಿದು.

ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಪ್ರಕೃತಿಯು ಗಿಣ್ಣುಹಾಲನ್ನು ಏರ್ಪಡಿಸಿದೆ. ಹಸುವು ತನ್ನ ಜೀವಮಾನದಲ್ಲಿ ಎದುರಿಸಿದ ರೋಗಗಳಿಗೆ ಪ್ರತಿಯಾಗಿ ಅದರ ಮೈಯಲ್ಲಿ ಹುಟ್ಟಿದ ನಿರೋಧಕ ವಸ್ತುಗಳು ಈಯುವುದಕ್ಕೆ ಕೆಲವು ವಾರಗಳ ಮುಂಚಿನಿಂದ ಕೆಚ್ಚಲಿನಲ್ಲಿ ಸಂಗ್ರಹವಾಗುತ್ತ ಬರುವುವು. ಹುಟ್ಟಿದ ಕರುವಿನ ಕರುಳು ಅವುಗಳನ್ನು ಒಡೆಯದೆ ಇಡಿಯಾಗಿಯೇ ಹೀರಿ ರಕ್ತಕ್ಕೆ ಸೇರಿಸುವ ವಿಶೇಷ ಗುಣವನ್ನು ಪಡೆದಿರುವುದು. ಆದರೆ ಈ ಬಾಗಿಲು ಬಹಳ ಹೊತ್ತು ತೆರೆದಿರುವುದಿಲ್ಲ. ಗಂಟೆ ಗಂಟೆಗೂ ಅದು ಕಿರಿದಾಗುತ್ತ, 6 ಗಂಟೆಗಳಾಗುವಷ್ಟರಲ್ಲಿ ಗಣನೀಯವಾಗಿ ಕುಗ್ಗಿ, 24 ಗಂಟೆಗಳಾದಾಗ ಬಹುಮಟ್ಟಿಗೆ ಮುಚ್ಚಿಹೋಗುವುದು. ಮರುದಿನ ಎಷ್ಟು ಗಿಣ್ಣನ್ನು ಕುಡಿಸಿದರೂ ಅದು ಹೊಟ್ಟೆಗೆ ಆಹಾರವಾಗುವುದೇ ಹೊರತು ರಕ್ತಕ್ಕೆ ಕಾವಲಾಗದು. ಇನ್ನೊಂದು ಸಂಗತಿಯೂ ಗಮನಾರ್ಹವಾಗಿದೆ. ಗಿಣ್ಣಿಗೆ ಮುಂಚೆ ಸೆಗಣಿಯ ಕೊಳೆಯು ಕರುವಿನ ಬಾಯಿಗೆ ಹೋದರೆ, ತೆರೆದಿರುವ ಆ ಬಾಗಿಲಿನಿಂದಲೇ ಕ್ರಿಮಿಗಳೂ ಒಳನುಗ್ಗಬಲ್ಲುವು.

ತುಮಕೂರು ಜಿಲ್ಲೆಯ ಕುಣಿಗಲಿನಲ್ಲಿ ಟಿಪ್ಪು ಸುಲ್ತಾನನ ಕಾಲದಿಂದ ಪ್ರಸಿದ್ಧವಾದ ಅಶ್ವಶಾಲೆಯಿರುವುದನ್ನು ವಾಚಕರು ಕೇಳಿರಬಹುದು. ಕುದುರೆಮರಿಗೂ ಈ ವಿಷಯದಲ್ಲಿ ಕರುವಿನ ಪಾಡೇ ಆಗಿದೆ. ಮರಿಯು 1 ಗಂಟೆಯೊಳಗೆ ನಿಲ್ಲಬೇಕು, 2 ಗಂಟೆಯೊಳಗೆ ಮೊಲೆಯುಣ್ಣಬೇಕು, ತಾಯಿಯ ಮಾಸು 3 ಗಂಟೆಯೊಳಗೆ ಬೀಳಬೇಕು ಎಂಬುದು ಕುದುರೆ ಸಾಕುವವರ ನಿಯಮ. ಬೆಲೆಬಾಳುವ ಮರಿಗಳಿಗೆ ಒಂದು ದಿನ ತುಂಬುವಷ್ಟರಲ್ಲಿ ರಕ್ತಪರೀಕ್ಷೆ ಮಾಡಿಸಿ, ತಾಯಿಯ ಗಿಣ್ಣಿನ ಶಕ್ತಿಯು ರಕ್ತಕ್ಕೆ ಸೇರಿತೋ ಇಲ್ಲವೋ ಎಂದು ನೋಡುವರು. ಈ ಪ್ರಾಂತ್ಯದಲ್ಲಿ ಕುದುರೆಗಳು ವಿರಳ. ಆದರೆ ಕುದುರೆಮರಿಗೆ ಸಲ್ಲುವ ಆ ಎಚ್ಚರಿಕೆಯು ಬಡವನ ಹಟ್ಟಿಯ ಕರುವಿಗೂ ಸಲ್ಲತಕ್ಕದ್ದೇ.

3. ಮೊದಲನೆಯ ಕೆಲಸ: ಗಿಣ್ಣು

ಗಿಣ್ಣುಹಾಲಿಗೆ ಬೆಲ್ಲ ಏಲಕ್ಕಿಗಳನ್ನು ಸೇರಿಸಿ ಹಬೆಯಲ್ಲಿ ಬೇಯಿಸಿ ನೆರೆಹೊರೆಯವರಿಗೆ ಹಂಚುವುದು ನಮ್ಮ ನಾಡಿನ ಸೊಗಸಾದ ಸಂಪ್ರದಾಯ. ಸಾಧಾರಣವಾದ ಹಾಲು ಎಷ್ಟು ಕುದಿಸಿದರೂ ಗಟ್ಟಿಯಾಗದೆ, ಗಿಣ್ಣುಹಾಲು ಮಾತ್ರ ಹೆಪ್ಪು ಹಾಕದೆಯೇ ಗಡ್ಡೆಕಟ್ಟುವುದೇಕೆಂದು ಯಾರಾದರೂ ವಿಚಾರಿಸಿದಲ್ಲಿ ವಿಷಯವು ತಾನೇ ಸ್ಪಷ್ಟವಾಗುವುದು. ಗಿಣ್ಣಿನಲ್ಲಿ ಹೇರಳವಾಗಿರುವ ರೋಗನಿರೋಧಕ ಸಸಾರಜನಕ ವಸ್ತುಗಳೇ ಕಾವಿಗೆ ಹೆಪ್ಪುಗಟ್ಟಿ ಅದನ್ನು ಗಟ್ಟಿಮಾಡುವುದರಲ್ಲಿ ಮುಖ್ಯವಾದವು. ಪಾತ್ರೆಯಲ್ಲಿ ಗಟ್ಟಿಯಾದುದೇ ಕರುವಿನ ರಕ್ತಕ್ಕೆ ಹೋಗಬೇಕಾಗಿದ್ದ ಕಾವಲು. ಗಿಣ್ಣು ಚೆನ್ನಾಗಿ ಗಟ್ಟಿಯಾಯಿತೆಂದು ಮನೆಯವರು ಮೆಚ್ಚಿಕೊಳ್ಳುವಾಗ ಆ ಗಟ್ಟಿತನವು ಯಾರ ಪಾಲಿನದೆಂಬುದನ್ನು ನೆನೆಯುವುದು ಒಳ್ಳೆಯದು.

ಸಂಪ್ರದಾಯವನ್ನು ಬಿಡಬೇಕೆಂದು ಅರ್ಥವಲ್ಲ. ಕ್ರಮವನ್ನು ಮಾತ್ರ ಬದಲಿಸತಕ್ಕದ್ದು. ಮೊದಲನೆಯ ಕರೆತವು ಕರುವಿನದು. ಎರಡನೆಯ ಕರೆತದಲ್ಲಿಯೂ ಕರುವಿನ ಹೊಟ್ಟೆ ತುಂಬಿದ ಮೇಲೆಯೇ ಉಳಿದುದು ಮನೆಯದು. ಮಿಶ್ರತಳಿಯ ಹಸುಗಳು ಕರುವು ಕುಡಿದು ಮಿಗುವಷ್ಟು ಗಿಣ್ಣನ್ನು ಕೊಡುವುದರಿಂದ ಮನೆಯವರಿಗೂ ಕೊರತೆಯಾಗದು. ಮಲೆನಾಡು ಗಿಡ್ಡದಂತಹ ಸಣ್ಣ ಹಸುಗಳಲ್ಲಿ ಹಾಲು ಅಲ್ಪವಾದುದರಿಂದ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು.

ಪ್ರಮಾಣವು ಹೀಗೆ: ಕರುವಿನ ತೂಕದ ಹತ್ತನೆಯ ಒಂದು ಪಾಲು ಗಿಣ್ಣು ಮೊದಲ ಸಲಕ್ಕೆ ಬೇಕು. 10 ಕಿಲೋ ತೂಗುವ ಸಣ್ಣ ಕರುವಿಗೆ 1 ಲೀಟರು. 20 ಕಿಲೋ ತೂಗುವ ಕರುವಿಗೆ 2 ಲೀಟರು. ಇದನ್ನು ಹುಟ್ಟಿದ 2 ಗಂಟೆಗಳೊಳಗೆ ಕೊಡತಕ್ಕದ್ದು. ಅನಂತರ 12 ಗಂಟೆಗಳೊಳಗೆ ಇದರ ಅರ್ಧದಷ್ಟನ್ನು ಮತ್ತೊಮ್ಮೆ ಕೊಡತಕ್ಕದ್ದು. ಕರುವು ತಾನೇ ಮೊಲೆಯುಣ್ಣುವುದಾದರೆ ಹೊಟ್ಟೆತುಂಬ ಉಂಡಿತೇ ಎಂದು ಪಕ್ಕದಲ್ಲಿ ನಿಂತು ನೋಡಬೇಕು. ಉಂಡಿರಬಹುದೆಂಬ ಊಹೆ ಸಾಲದು. ಏಳಲಾರದ ಕರುವಿಗೆ ಗಿಣ್ಣನ್ನು ಚೊಕ್ಕಟವಾದ ಪಾತ್ರೆಗೆ ಕರೆದು, ಆರುವ ಮೊದಲೇ ರಬ್ಬರಿನ ಮೊಲೆಯುಳ್ಳ ಸೀಸೆಯಿಂದ ಕುಡಿಸತಕ್ಕದ್ದು. ಚೀಪುವ ಶಕ್ತಿಯೇ ಇಲ್ಲದ ಕರುವಿನ ಗಂಟಲಿಗೆ ಬಿದಿರಿನ ಗೊಟ್ಟದಿಂದಲಾಗಲಿ ಚೊಂಬಿನಿಂದಲಾಗಲಿ ಸುರಿಯಲೇಕೂಡದು. ಅದು ಶ್ವಾಸಕೋಶಕ್ಕೆ ಇಳಿದು ಕರುವನ್ನು ಕೊಲ್ಲುವುದು. ಅಂತಹ ಕರುವಿಗೆ ಪಶುವೈದ್ಯರು ನಳಿಗೆಯ ಮೂಲಕ ಹೊಟ್ಟೆಗೆ ನೇರವಾಗಿ ಕೊಡಬಲ್ಲರು.

ಇಲ್ಲಿ ಎರಡು ತಪ್ಪು ನಂಬಿಕೆಗಳನ್ನು ಹೇಳಬೇಕಾಗಿದೆ. ಮಾಸು ಬೀಳುವ ತನಕ ಕರುವನ್ನು ಮೊಲೆಗೆ ಬಿಡಕೂಡದೆಂಬುದು ಒಂದು. ಇದರಿಂದ ಅಮೂಲ್ಯವಾದ ಹೊತ್ತು ವ್ಯರ್ಥವಾಗುವುದಲ್ಲದೆ ಮಾಸಿಗೂ ಸಹಾಯವಾಗದು. ಕರುವು ಮೊಲೆಯನ್ನು ಚೀಪುವಾಗ ತಾಯಿಯ ರಕ್ತದಲ್ಲಿ ಉಂಟಾಗುವ ರಸವು ಗರ್ಭಕೋಶವನ್ನು ಸಂಕೋಚಗೊಳಿಸಿ ಮಾಸು ಬೀಳುವುದಕ್ಕೇ ಅನುಕೂಲಮಾಡುವುದು. ಗಿಣ್ಣು ಹೆಚ್ಚಾದರೆ ಕರುವಿಗೆ ಭೇದಿಯಾಗುವುದೆಂಬುದು ಎರಡನೆಯದು. ಎಳೆಗರುವನ್ನು ಕೊಲ್ಲುವ ಭೇದಿಯು ಕ್ರಿಮಿಗಳಿಂದ ಬರುವುದು. ಗಿಣ್ಣು ಕಡಮೆಯಾದ ಕರುವಿಗೇ ಅದು ಬೇಗನೆ ತಗಲುವುದು.

ತಾಯಿ ಸತ್ತರೆ ಅಥವಾ ಕೆಚ್ಚಲು ಬತ್ತಿದ್ದರೆ ಆ ದಿನವೇ ಈದ ಬೇರೊಂದು ಹಸುವಿನ ಗಿಣ್ಣನ್ನು ತರಬೇಕು. ಈಗ ಅನೇಕ ಮನೆಗಳಲ್ಲಿ ಶೀತಪೆಟ್ಟಿಗೆಗಳಿವೆ. ಆರೋಗ್ಯವಾದ, ಕಂದುಹಾಕಿದ ಚರಿತ್ರೆಯಿಲ್ಲದ ಹಸುವಿನ ಮೊದಲ ಕರೆತದಲ್ಲಿ ಕರುವಿಗೆ ಮಿಕ್ಕುದನ್ನು ಅರ್ಧ ಲೀಟರಿನ ಚೀಲಗಳಲ್ಲಿ ತುಂಬಿ ಮಂಜುಗಡ್ಡೆಯಾಗುವ ಭಾಗದಲ್ಲಿಟ್ಟರೆ ಕೆಲವು ತಿಂಗಳ ಕಾಲ ಉಪಯುಕ್ತವಾಗಿರುವುದು. ಬೇಕಾದಾಗ ಆ ಚೀಲವನ್ನು ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿಟ್ಟು ಕರಗಿಸತಕ್ಕದ್ದು. ಒಲೆಯ ಮೇಲಿಟ್ಟು ಕಾಯಿಸಿದರೆ ಅದರ ಗುಣವು ನಾಶವಾಗುವುದು.

ಉತ್ತಮವಾದ ಗಿಣ್ಣು ಬೇಕಾದರೆ ಹಸುವು ಈಯುವುದಕ್ಕೆ 2 ತಿಂಗಳು ಮುಂಚೆಯೇ ಹಾಲು ಕರೆಯುವುದನ್ನು ನಿಲ್ಲಿಸಿ, ಹುಲ್ಲು ಹಿಂಡಿಗಳನ್ನು ಸಾಕಷ್ಟು ಕೊಡುವುದೂ ಅವಶ್ಯಕ.

4. ಎರಡನೆಯ ಕೆಲಸ: ಹೊಕ್ಕುಳು

ಕರುವು ಗರ್ಭದಲ್ಲಿರುವಾಗ ಅದರ ಹೊಕ್ಕುಳಬಳ್ಳಿಯೊಳಗೆ ಪಿತ್ತಕೋಶದ ಕಡೆಗೆ ಅಂದರೆ ಈಲಿಗೆ ಹೋಗುವ ಒಂದು ರಕ್ತನಾಳವೂ, ಎರಡು ಶುದ್ಧರಕ್ತನಾಳಗಳೂ, ಮೂತ್ರಕೋಶದಿಂದ ಬರುವ ಒಂದು ಕೊಳವೆಯೂ ಇರುವುವು. ಹುಟ್ಟಿದಾಗ ಬಳ್ಳಿಯು ಹರಿದು ಈ ದಾರಿಗಳ ಬಾಯಿ ತೆರೆದುಕೊಂಡು, ಬಳ್ಳಿಯು ಒಣಗುವ ತನಕ ಹಾಗೆಯೇ ಇರುವುವು. ಒಣಗಿದ ಬಳ್ಳಿಯಲ್ಲಿ ಕ್ರಿಮಿಗಳು ಬಾಳಲಾರವು. ಹಸಿಯಾದ ಬಳ್ಳಿಯು ಅವುಗಳಿಗೆ ರಾಜಮಾರ್ಗ.

ಈ ಪ್ರಾಂತ್ಯದ ಹಟ್ಟಿಯ ಪದ್ಧತಿಯನ್ನು ಇಲ್ಲಿ ವಿಚಾರಮಾಡಬೇಕು. ಕುಮ್ಕಿ ನೆಲದಿಂದ ಸೊಪ್ಪನ್ನೂ ತರಗೆಲೆಯನ್ನೂ ತಂದು ಹಟ್ಟಿಯಲ್ಲಿ ಹಾಸಿ, ಸೆಗಣಿ ಗಂಜಳಗಳೊಡನೆ ಜಾನುವಾರುಗಳ ಕಾಲಡಿಯಲ್ಲಿ ತುಳಿಸಿ, ಪದರದ ಮೇಲೆ ಪದರವಾಗಿ ಬೆಳೆಸಿ, ಕಾಲಕ್ಕೆ ತಕ್ಕಂತೆ ತೋಟಕ್ಕೂ ಗದ್ದೆಗೂ ಸಾಗಿಸುವುದು ಹಿರಿಯರಿಂದ ಬಂದ ಕ್ರಮ. ಅಡಕೆಗೂ ಭತ್ತಕ್ಕೂ ಇದಕ್ಕಿಂತ ಉತ್ತಮವಾದ ಗೊಬ್ಬರವಿಲ್ಲ. ಆದರೆ ಸೊಪ್ಪು ಕೊಳೆತು ಗೊಬ್ಬರವಾಗಲು ಬೇಕಾದ ತೇವ, ಕಾವು, ಕ್ರಿಮಿಗಳ ಸಮೃದ್ಧಿ, ಇವೇ ಹಸಿ ಹೊಕ್ಕುಳಿಗೆ ಅತ್ಯಂತ ಅಪಾಯಕರವಾದವು. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ ಈ ಸೀಮೆಯಲ್ಲಿ ಮಳೆಗಾಲದ ಆಟಿ ತಿಂಗಳೊಳಗೆ ಹುಟ್ಟಿದ ಕರುವು ಇಂತಹ ಹಾಸಿನ ಮೇಲೆ ಮಲಗಿದರೆ ಬಳ್ಳಿಯು ದಿನಗಟ್ಟಲೆ ಒಣಗದು. ನೊಣಗಳು ಮೊಟ್ಟೆಯಿಟ್ಟು ಹುಳುಗಳಾಗುವುದೂ ಉಂಟು.

ಆದುದರಿಂದ ಸೊಪ್ಪಿನ ಹಟ್ಟಿಯನ್ನು ಬಿಡದೆ, ಈಯುವ ಹಸುವಿಗೆ ಮಾತ್ರ ಬೇರೆ ಮೂಲೆಯನ್ನು ಏರ್ಪಡಿಸತಕ್ಕದ್ದು. ಹಟ್ಟಿಯ ಎತ್ತರವಾದ ಬದಿಯಲ್ಲಾಗಲಿ, ಜಗಲಿಯ ಮಗ್ಗುಲಿನಲ್ಲಾಗಲಿ, ಮೇಲಿನಿಂದ ಸೋರದ, ಗಾಳಿಯಾಡುವ ಒಂದು ಸ್ಥಳವನ್ನು ಗುಡಿಸಿ, ಸುಣ್ಣ ಚೆಲ್ಲಿ ಒಣಗಿಸಿ, ಅದರ ಮೇಲೆ ಒಂದು ಗೇಣಿನಷ್ಟು ಒಣ ಬೈಹುಲ್ಲನ್ನು ಹಾಸಬೇಕು. ಈಯುವುದಕ್ಕೆ ಒಂದು ವಾರ ಮುಂಚೆ ಹಸುವನ್ನು ಅಲ್ಲಿಗೆ ಕಟ್ಟಿ, ನೆನೆದ ಹುಲ್ಲನ್ನು ದಿನವೂ ತೆಗೆದು ಗೊಬ್ಬರದ ಗುಂಡಿಗೆ ಹಾಕಿದರೆ ಗೊಬ್ಬರಕ್ಕೂ ನಷ್ಟವಿಲ್ಲ.

ಕರು ಹುಟ್ಟಿದ ಅರ್ಧ ಗಂಟೆಯೊಳಗೆ, ಕೈಗಳನ್ನು ಸಾಬೂನಿನಿಂದ ತೊಳೆದುಕೊಂಡು, ಸಣ್ಣ ಬಾಯಿಯ ಬಟ್ಟಲಿನಲ್ಲಿ ಟಿಂಕ್ಚರ್ ಅಯೊಡಿನ್ ಔಷಧವನ್ನು ಹಾಕಿ, ಬಳ್ಳಿಯು ಹೊಟ್ಟೆಯ ಚರ್ಮದವರೆಗೆ ಪೂರ್ಣವಾಗಿ ಅದರಲ್ಲಿ ಮುಳುಗುವಂತೆ ಅರ್ಧ ನಿಮಿಷ ಹಿಡಿಯಬೇಕು. ಪೊವಿಡೋನ್ ಅಯೊಡಿನ್ ದೊರೆತರೂ ಆಗಬಹುದು. ಬಟ್ಟಲಿನಲ್ಲಿ ಉಳಿದುದನ್ನು ಚೆಲ್ಲಿಬಿಡಬೇಕು. ಮರಳಿ ಸೀಸೆಗೆ ಹಾಕಕೂಡದು. ಹೀಗೆ ದಿನಕ್ಕೆ 2 ಸಲದಂತೆ 3 ದಿನ ಮಾಡತಕ್ಕದ್ದು. ಬಳ್ಳಿಯು ನೆಲಕ್ಕೆ ತಾಗುವಷ್ಟು ಉದ್ದವಾಗಿದ್ದರೆ ಅಥವಾ ರಕ್ತ ಸುರಿಯುತ್ತಿದ್ದರೆ ಮಾತ್ರ, ಕುದಿಸಿದ ದಾರದಿಂದ ಹೊಟ್ಟೆಗೆ ಎರಡಂಗುಲ ಕೆಳಗೆ ಕಟ್ಟಿ, ಕುದಿಸಿದ ಕತ್ತರಿಯಿಂದ ಕತ್ತರಿಸಬಹುದು. ಬೂದಿ, ಸೆಗಣಿ, ಮಣ್ಣುಗಳನ್ನು ಬಳ್ಳಿಗೆ ಸರ್ವಥಾ ಹಚ್ಚಕೂಡದು. ಇವುಗಳಿಂದ ಧನುರ್ವಾಯುವಿನ ಕ್ರಿಮಿಯೂ ಹೊಕ್ಕೀತು.

5. ಬೇನೆಯ ಲಕ್ಷಣಗಳು

ಆರೋಗ್ಯವಾದ ಕರುವು ಸಾಧಾರಣವಾಗಿ ಒಂದು ಗಂಟೆಯ ಸುಮಾರಿಗೆ ಎದ್ದುನಿಂತು ಮೊಲೆಯನ್ನು ಹುಡುಕುವುದು. ಅದರ ಮೈಬಿಸಿಯು 38.5ರಿಂದ 39.5 ಡಿಗ್ರಿ ಸೆಂಟಿಗ್ರೇಡು, ಅಂದರೆ 101ರಿಂದ 103 ಡಿಗ್ರಿ ಫ್ಯಾರನ್‌ಹೀಟು ಇರುವುದು. ಈ ಕೆಳಗಿನವುಗಳಲ್ಲಿ ಒಂದು ಕಂಡರೂ ಉದಾಸೀನ ಮಾಡಕೂಡದು.

(ಅ) ಮೊಲೆಯನ್ನು ಬಾಯಿಗಿಟ್ಟರೂ ಬಲವಾಗಿ ಚೀಪದಿರುವುದು. ಇದೇ ಎಲ್ಲಕ್ಕಿಂತ ಮೊದಲ ಚಿಹ್ನೆ.
(ಆ) ತಲೆ ತಗ್ಗಿಸಿ ಮಂಕಾಗಿರುವುದು. ಎಬ್ಬಿಸಿದರೂ ಪುನಃ ಮಲಗುವುದು.
(ಇ) ಜ್ವರ, ಅಥವಾ ಅದಕ್ಕಿಂತ ಕೆಟ್ಟದಾಗಿ, ಕಿವಿಗಳೂ ಕಾಲುಗಳೂ ತಣ್ಣಗಾಗಿ ಮೈಬಿಸಿಯು ಸಹಜಕ್ಕಿಂತ ಇಳಿಯುವುದು.
(ಈ) ಕಣ್ಣಿನ ಬಿಳಿಯೂ ವಸಡೂ ಕೆಂಪೇರುವುದು. ಕಣ್ಣಿನ ಪಾಪೆ ಮಸಕಾಗುವುದು.
(ಉ) ಹೊಕ್ಕುಳು ದಪ್ಪವಾಗಿ, ಬಿಸಿಯಾಗಿ, ಮುಟ್ಟಿದರೆ ನೋಯುವುದು. ಕೀವು ಅಥವಾ ದುರ್ಗಂಧ.
(ಊ) ಮೊಣಕಾಲಿನ ಅಥವಾ ಹಿಂಗಾಲಿನ ಕೀಲು ಬಾತು ಕುಂಟುವುದು. ಇದನ್ನು ತುಳಿತದಿಂದಾದ ಪೆಟ್ಟೆಂದು ಭ್ರಮಿಸಿ ಎಣ್ಣೆ ತಿಕ್ಕುತ್ತ ಕೂಡುವುದರಿಂದ ಅನೇಕ ಕರುಗಳು ಹಾಳಾಗಿವೆ.
(ಋ) ನೀರಿನಂತಹ ಭೇದಿ, ಕಣ್ಣುಗಳು ಗುಳಿಬೀಳುವುದು, ಕುತ್ತಿಗೆಯ ಚರ್ಮವನ್ನು ಚಿವುಟಿ ಬಿಟ್ಟರೆ ತಡವಾಗಿ ಇಳಿಯುವುದು.

ಹೊಕ್ಕುಳು ನೋಟಕ್ಕೆ ಚೆನ್ನಾಗಿದ್ದರೂ ಒಳಗಿನ ನಾಳವು ಕೆಟ್ಟಿರಬಹುದು. ಆದುದರಿಂದ ಬಾವಿಲ್ಲವೆಂದ ಮಾತ್ರಕ್ಕೆ ಬೇನೆಯಿಲ್ಲವೆಂದು ತಿಳಿಯಕೂಡದು.

6. ಬೇನೆ ಕಂಡಾಗ ಮಾಡತಕ್ಕ ಉಪಚಾರ

ಈ ಸೀಮೆಯಲ್ಲಿ ಮನೆಗಳು ಒಂದೆಡೆ ಗುಂಪಾಗಿರದೆ ತೋಟಗಳ ನಡುವೆ ದೂರ ದೂರವಾಗಿರುವುದರಿಂದಲೂ, ಮಳೆಗಾಲದಲ್ಲಿ ತೋಡು ತುಂಬಿ ಸಂಕ ದಾಟುವುದು ಕಷ್ಟವಾಗುವುದರಿಂದಲೂ ಪಶುವೈದ್ಯರು ಬರುವುದು ತಡವಾಗಬಹುದು. ಆದಕಾರಣ ನಾಳೆ ನೋಡೋಣವೆನ್ನದೆ ಲಕ್ಷಣ ಕಂಡೊಡನೆಯೇ ಹತ್ತಿರದ ಪಶುಚಿಕಿತ್ಸಾಲಯಕ್ಕೆ ಹೇಳಿಕಳುಹಿಸತಕ್ಕದ್ದು. 1962 ಎಂಬ ದೂರವಾಣಿ ಸಂಖ್ಯೆಗೆ ಕರೆಮಾಡಿ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕೇಳುವುದಕ್ಕೂ ಅವಕಾಶವಿದೆ. ರಕ್ತದಲ್ಲಿ ನಂಜೇರಿದ ಕರುವು ಒಂದೇ ದಿನದಲ್ಲಿ ಸಾಯಬಹುದು.

ವೈದ್ಯರು ಬರುವವರೆಗೆ ಕರುವನ್ನು ಒಣಗಿಸಿ, ಗೋಣಿಚೀಲದಿಂದ ಹೊದಿಸಿ, ಒಣ ಬೈಹುಲ್ಲಿನ ಮೇಲೆ ಎದೆಯೂರಿ ಮಲಗುವಂತೆ ಇಡಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಚೀಪುವ ಶಕ್ತಿಯಿದ್ದರೆ ತಾಯಿಯ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಅನೇಕ ಸಲ ಕೊಡಬೇಕು. ಭೇದಿಯಿರುವಾಗ ಹಾಲನ್ನು ಪೂರ್ತಿಯಾಗಿ ನಿಲ್ಲಿಸುವುದು ತಪ್ಪು. ಹಾಲಿನ ಹೊತ್ತುಗಳ ನಡುವೆ, ಕುದಿಸಿ ಉಗುರುಬೆಚ್ಚಗಾದ 1 ಲೀಟರು ನೀರಿಗೆ 6 ಸಣ್ಣ ಚಮಚ ಸಕ್ಕರೆಯನ್ನೂ ಅರ್ಧ ಸಣ್ಣ ಚಮಚ ಉಪ್ಪನ್ನೂ ಕಲಸಿ ಕುಡಿಸಬಹುದು.

ವೈದ್ಯರು ಕ್ರಿಮಿನಾಶಕ ಔಷಧವನ್ನು ಸೂಜಿಯ ಮೂಲಕ ಕೊಡುವರು. ಅವಶ್ಯವಾದರೆ ರಕ್ತನಾಳಕ್ಕೆ ಉಪ್ಪುನೀರನ್ನೂ ಸಕ್ಕರೆನೀರನ್ನೂ ಏರಿಸುವರು. ಬಾತ ಕೀಲನ್ನು ತೊಳೆಯುವರು. ಕೀಲುಗಳಿಗೆ ಇಳಿದ ಬೇನೆಗೆ ಔಷಧವು ವಾರಗಟ್ಟಲೆ ಬೇಕಾಗಬಹುದು. ಎರಡು ದಿನಗಳಲ್ಲಿ ಕರು ಎದ್ದು ಆಡಿತೆಂದು ಔಷಧವನ್ನು ನಡುವೆ ಬಿಟ್ಟರೆ ಬೇನೆಯು ಮರುಕಳಿಸುವುದಲ್ಲದೆ, ಉಳಿದ ಕ್ರಿಮಿಗಳು ಆ ಔಷಧಕ್ಕೆ ಒಗ್ಗಿಹೋಗುವುವು. ಮನೆಯಲ್ಲಿ ಮಿಕ್ಕ ಮನುಷ್ಯರ ಗುಳಿಗೆಗಳನ್ನು ಅರೆದು ಕುಡಿಸುವುದರಿಂದಲೂ ಇದೇ ಹಾನಿ.

ಹೊಕ್ಕುಳಿನ ಬಾವನ್ನು ಮನೆಯಲ್ಲಿ ಕೊಯ್ಯಲೇಕೂಡದು. ಕೆಲವು ಕರುಗಳಲ್ಲಿ ಹೊಟ್ಟೆಯ ಗೋಡೆ ಕೂಡಿಕೊಳ್ಳದೆ ಕರುಳೇ ಅಲ್ಲಿಗೆ ಇಳಿದಿರುವುದು. ಕೀವೆಂದು ಕೊಯ್ದವರು ಕರುಳನ್ನು ಕೊಯ್ದಂತಾಗುವುದು.

ಬೇನೆಯ ಕರುವನ್ನು ಮುಟ್ಟಿದವರು ಕೈ ತೊಳೆದೇ ಬೇರೆ ಕರುವಿನ ಬಳಿಗೆ ಹೋಗಬೇಕು, ಮಕ್ಕಳನ್ನು ದೂರವಿಡಬೇಕು. ಸತ್ತ ಕರುವನ್ನು ತೋಡಿಗೆ ಎಸೆಯದೆ, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳತಕ್ಕದ್ದು. ಆ ಮೂಲೆಯ ಹುಲ್ಲನ್ನು ತೆಗೆದು, ನೆಲವನ್ನು ತೊಳೆದು ಒಣಗಿಸದೆ ಅಲ್ಲಿ ಬೇರೆ ಹಸುವನ್ನು ಈಯಲು ಕಟ್ಟಕೂಡದು.

7. ಎಮ್ಮೆಯ ಕರುಗಳ ವಿಷಯ

ಮೇಲೆ ಹೇಳಿದ ಎಲ್ಲವೂ ಎಮ್ಮೆಯ ಕರುವಿಗೂ ಅನ್ವಯಿಸುವುವು. ಮೂಡುಬಿದಿರೆಯ ಕಡಲಕೆರೆಯ ಕಂಬಳಕ್ಕಾಗಲಿ, ವೇಣೂರಿನ ಕಂಬಳಕ್ಕಾಗಲಿ ಓಡತಕ್ಕ ಕೋಣವೂ ಒಂದಾನೊಂದು ದಿನ ಇದೇ ಹಸಿ ಹೊಕ್ಕುಳಿನ ಕರುವಾಗಿದ್ದಿತು. ಎಳವೆಯಲ್ಲಿ ಕೀಲುಬಾವು ಬಂದ ಕರುವನ್ನು ಮುಂದೆ ಎಷ್ಟು ಹುರುಳಿ ಎಣ್ಣೆಗಳಿಂದ ಸಾಕಿದರೂ ಓಟಕ್ಕೆ ತರಲಾಗದು. ಎಮ್ಮೆಯ ಕರುಗಳಿಗೆ ತಾಯಿಯ ಹಾಲಿನ ಮೂಲಕವೇ ದುಂಡುಹುಳುಗಳು ಬಂದು ಎರಡು ಮೂರು ವಾರಗಳ ವಯಸ್ಸಿನಲ್ಲಿ ಭೇದಿಯನ್ನುಂಟುಮಾಡುವುದುಂಟು. ಆದುದರಿಂದ 10 ದಿನಗಳಾದೊಡನೆ ಜಂತುವಿನ ಔಷಧದ ವಿಷಯವನ್ನು ಪಶುವೈದ್ಯರಲ್ಲಿ ವಿಚಾರಿಸತಕ್ಕದ್ದು.

8. ಊರಿನ ಮುಖ್ಯಸ್ಥರು ಮಾಡತಕ್ಕದ್ದು

ಗುತ್ತಿನ ಮನೆಗಳ ಯಜಮಾನರೂ, ಪಂಚಾಯತಿಯವರೂ, ಹಾಲಿನ ಸಹಕಾರ ಸಂಘಗಳ ಆಡಳಿತದವರೂ ಮನಸ್ಸು ಮಾಡಿದರೆ ಈ ನಷ್ಟವನ್ನು ಬಹಳ ಮಟ್ಟಿಗೆ ಕಡಮೆ ಮಾಡಬಹುದು. ಪ್ರತಿ ಊರಿನಲ್ಲಿಯೂ ಎಲ್ಲರಿಗೂ ಗೊತ್ತಿರುವ ಒಂದು ಮನೆಯಲ್ಲಿ ಒಂದು ಸೀಸೆ ಅಯೊಡಿನ್, ಒಂದು ಉಷ್ಣಮಾಪಕ, ರಬ್ಬರಿನ ಮೊಲೆಯ ಒಂದು ಸೀಸೆ, ಶೀತಪೆಟ್ಟಿಗೆಯಲ್ಲಿ ನಾಲ್ಕು ಚೀಲ ಗಿಣ್ಣು, ಇಷ್ಟನ್ನು ಇಟ್ಟಿರುವಂತೆ ಏರ್ಪಡಿಸಿದರೆ ಸಾಕು. ಇದರ ಖರ್ಚು ಒಂದು ಕರುವಿನ ಬೆಲೆಗೆ ಹೋಲಿಸಿದರೆ ಅತ್ಯಲ್ಪ. ಸ್ವಂತ ಶೀತಪೆಟ್ಟಿಗೆಯಿಲ್ಲದ ಒಂದೇ ಹಸುವಿನ ಬಡ ಮನೆಯವರಿಗೆ ಇದರಿಂದ ಆಗುವ ಉಪಕಾರವು ಎಲ್ಲಕ್ಕಿಂತ ಹೆಚ್ಚು. ಅವರ ಪಾಲಿಗೆ ಒಂದು ಕರುವಿನ ನಷ್ಟವೆಂದರೆ ಹಟ್ಟಿಯ ನಷ್ಟವೇ.

9. ಸಾರಾಂಶ

1. ಈಯುವ ಹಸುವನ್ನು ಸೊಪ್ಪಿನ ಹಾಸಿನಿಂದ ಬೇರ್ಪಡಿಸಿ ಒಣ ಬೈಹುಲ್ಲಿನ ಮೇಲೆ ಕಟ್ಟಿರಿ.
2. ಅರ್ಧ ಗಂಟೆಯೊಳಗೆ ಹೊಕ್ಕುಳನ್ನು ಅಯೊಡಿನ್ನಿನಲ್ಲಿ ಮುಳುಗಿಸಿರಿ. 3 ದಿನ, ದಿನಕ್ಕೆ 2 ಸಲ.
3. ಮಾಸಿಗಾಗಿ ಕಾಯದೆ, 2 ಗಂಟೆಯೊಳಗೆ ಕರುವಿನ ತೂಕದ ಹತ್ತನೆಯ ಒಂದು ಪಾಲು ಗಿಣ್ಣನ್ನು ಕುಡಿಸಿರಿ.
4. ಕರು ಚೀಪದಿದ್ದರೆ, ಮಂಕಾದರೆ, ಕೀಲು ಬಾತರೆ ಅದೇ ದಿನ ಪಶುವೈದ್ಯರನ್ನು ಕರೆಯಿಸಿರಿ.
5. ಬಾವನ್ನು ಕೊಯ್ಯಬೇಡಿರಿ, ಚೀಪಲಾರದ ಕರುವಿನ ಗಂಟಲಿಗೆ ಏನನ್ನೂ ಸುರಿಯಬೇಡಿರಿ, ಔಷಧವನ್ನು ನಡುವೆ ನಿಲ್ಲಿಸಬೇಡಿರಿ.

ಗಿಣ್ಣಿನ ಮೊದಲ ಪಾಲನ್ನು ಕರುವಿಗೆ ಕೊಟ್ಟ ಮನೆಯಲ್ಲಿ ಮಿಕ್ಕ ದಿನಗಳ ಹಾಲಿಗೆ ಕೊರತೆಯಾಗದು. ಈ ಪತ್ರಿಕೆಯನ್ನು ಓದಿದವರು ಓದಲಾರದ ನೆರೆಯವರಿಗೂ, ಹಟ್ಟಿಯಲ್ಲಿ ದಿನವೂ ದುಡಿಯುವ ಹೆಂಗಸರಿಗೂ ಇದನ್ನು ಓದಿ ಹೇಳಬೇಕೆಂದು ಕೋರಲಾಗಿದೆ.